ಗೌರಿ ಹಬ್ಬದ ಸೀರೆ: ಈ ಸಲ ಅಂಗಡಿಗೇ

ಎಲ್ಲರಿಗೂ ನಮಸ್ಕಾರ. ನಮ್ಮ ಭಜನಾ ತಂಡದ 14 ಸೀರೆ ಈ ಸಲ ಆನ್‌ಲೈನ್ ಬೇಡವೇ ಬೇಡ. ಹೋದ ವರ್ಷದ್ದು ನೆನಪಿದೆಯಲ್ಲ? ಫೋನಿನಲ್ಲಿ ಎಳೆ ಮಾವಿನೆಲೆ ಬಣ್ಣ, ಪೊಟ್ಟಣ ಬಿಚ್ಚಿದರೆ ಪಾಚಿ ಹಸಿರು, ಅದರಲ್ಲೂ ಎರಡಕ್ಕೆ ಬ್ಲೌಸ್ ಪೀಸೇ ಇಲ್ಲ. ದುಡ್ಡು ವಾಪಸ್ ಬರುವಷ್ಟರಲ್ಲಿ ಗಣಪತಿ ನೀರಿಗೆ ಹೋಗಿದ್ದ.

ಶನಿವಾರ 11ಕ್ಕೆ ಮುಂಬೈನ ದಾದರ್ ಸ್ಟೇಷನ್ನಿನ ಪೂರ್ವದ ಟಿಕೆಟ್ ಕೌಂಟರ್ ಹತ್ತಿರ ಸೇರೋಣ, ಅಲ್ಲಿಂದ ಹಿಂದ್‌ಮಾತಾ ಬಟ್ಟೆ ಮಾರುಕಟ್ಟೆಗೆ ನಡೆದೇ ಹೋಗೋಣ. ಡೊಂಬಿವಲಿಯವರು ಫಾಸ್ಟ್ ಲೋಕಲ್ ಹಿಡಿಯಿರಿ. ಜೋರು ಮಳೆಯಾದರೆ ಅಲ್ಲಿ ರಸ್ತೆಯೇ ಕೆರೆ. ಆಗ ಮುಂದಿನ ಶನಿವಾರ. ಬಣ್ಣವನ್ನು ಟ್ಯೂಬ್‌ಲೈಟ್ ಕೆಳಗೆ ಒಪ್ಪಬೇಡಿ, ಬಾಗಿಲಿಗೆ ತಂದು ಬಿಸಿಲಿನಲ್ಲಿ ನೋಡಿ. ಸೆರಗು ಪೂರ್ತಿ ಬಿಚ್ಚಿಸಿ, ಅಂಗಡಿಯವನು ಮುಖ ಸಿಂಡರಿಸಿದರೂ ಸರಿ. ಚೌಕಾಸಿಗೆ ಮರಾಠಿ ಚೆನ್ನಾಗಿ ಬರುವವರೇ ಮುಂದೆ ನಿಲ್ಲಿ. ಬಿಲ್ಲು ಮರೆಯಬೇಡಿ.

ಕುಕ್ಕರ್ ರಬ್ಬರು, ಮಿಕ್ಸಿ ಜಾರು ನಾನೂ ಫೋನಿನಲ್ಲೇ ತರಿಸೋದು, ಸುಳ್ಳು ಹೇಳಲ್ಲ. ಆದರೆ ಪೊಟ್ಟಣ ಒಡೆಯುವಾಗ ವಿಡಿಯೊ ಮಾಡಿಕೊಳ್ಳಿ. ಮಾರಿದವರು ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು ಹಾಕಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.