ಮಡಚುವ ಟ್ರೇಲರ್ ಮುಚ್ಚದಿದ್ದರೆ ಮೇಲೆ ಹತ್ತಿ ಕೂರಬೇಡಿ

ಮಾನ್ಯ ಸಂಪಾದಕರೇ,

ಮಳೆ ನಿಂತ ಮೇಲೆ ನಮ್ಮ ಕರಾವಳಿಗೆ ಕಾರಿನ ಹಿಂದೆ ಮಡಚುವ ಟ್ರೇಲರ್ ಕಟ್ಟಿಕೊಂಡು ಬರುವವರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಕಾಣುತ್ತಾರೆ. ಮಾಜಾಳಿಯಲ್ಲೋ ಗೋಕರ್ಣದಲ್ಲೋ ಗಾಳಿಮರದ ನೆರಳಲ್ಲಿ ನಿಲ್ಲಿಸುತ್ತಾರೆ, ಚಾವಣಿ ಎತ್ತಿ ಒಳಗೇ ಮಲಗುತ್ತಾರೆ, ಬೆಳಿಗ್ಗೆ ಮಡಚಿಕೊಂಡು ಮುಂದಿನ ಊರಿಗೆ ಹೊರಡುತ್ತಾರೆ. ತೊಂದರೆ ಶುರುವಾಗುವುದು ಈ ಮಡಚುವಾಗಲೇ. ಸಂಜೆ ಸಲೀಸಾಗಿ ಎದ್ದ ಚಾವಣಿ ಬೆಳಿಗ್ಗೆ ಕೂರುವುದಿಲ್ಲ. ಆಗ ಇಬ್ಬರು ಮೇಲೆ ಹತ್ತಿ ಕೂರುತ್ತಾರೆ, ಇನ್ನೊಬ್ಬರು ಕೆಳಗಿನಿಂದ ಕೊಂಡಿ ಎಳೆಯುತ್ತಾರೆ, ಅಷ್ಟಕ್ಕೂ ಆಗದಿದ್ದರೆ ನೈಲಾನ್ ಹಗ್ಗ ಬಿಗಿದು ಹೊರಟುಬಿಡುತ್ತಾರೆ. ಕೊಂಡಿ ಕಿತ್ತು ಬಂದ ಮೇಲೆ ನಮ್ಮಂಥವರ ಅಂಗಡಿ ಹುಡುಕುತ್ತಾರೆ. ನಾನು ಕಾರವಾರದಲ್ಲಿ ವೆಲ್ಡಿಂಗ್, ಫ್ಯಾಬ್ರಿಕೇಶನ್ ಕೆಲಸ ಮಾಡುವವನು. ಕಿತ್ತ ಕೊಂಡಿ ಬೆಸೆದು ಕೊಡುವುದು ದೊಡ್ಡ ವಿಷಯವಲ್ಲ. ಬಲ ಹಾಕಿ ಬಗ್ಗಿಸಿದ ಚೌಕಟ್ಟನ್ನು ಮೊದಲಿನಂತೆ ಮಾಡುವುದು ಬಹಳ ಕಷ್ಟ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ನೋಡುವುದು ಕೊಂಡಿಯನ್ನು. ನೋಡಬೇಕಾದದ್ದು ನೆಲವನ್ನು. ನಮ್ಮದು ಮರಳು ನೆಲ. ಸಂಜೆ ನಿಲ್ಲಿಸಿದಾಗ ಗಾಡಿ ಸಮವಾಗಿಯೇ ಇರುತ್ತದೆ. ರಾತ್ರಿ ಒಳಗೆ ನಾಲ್ಕು ಜನ ಮಲಗಿ ಓಡಾಡಿದ ಭಾರಕ್ಕೆ ಒಂದು ಮೂಲೆಯ ಕಾಲೋ ಒಂದು ಚಕ್ರವೋ ಸ್ವಲ್ಪ ಹೂತಿರುತ್ತದೆ. ಅಷ್ಟಕ್ಕೇ ಕೆಳಗಿನ ಚೌಕಟ್ಟು ತಿರುಚಿಕೊಳ್ಳುತ್ತದೆ, ಮೇಲಿನ ಚಾವಣಿ ಮಾತ್ರ ನೇರವಾಗಿಯೇ ಬರುತ್ತದೆ, ಕೊಂಡಿಗೂ ಅದು ಸಿಗಬೇಕಾದ ಜಾಗಕ್ಕೂ ಬೆರಳಗಲದ ಅಂತರ ಬಿದ್ದುಬಿಡುತ್ತದೆ. ಹೀಗಿರುವಾಗ ಎಷ್ಟು ಎಳೆದರೂ ಅದು ಸರಿಯಾಗಿ ಬೀಳುವುದಿಲ್ಲ. ಮೇಸ್ತ್ರಿಗಳ ಹತ್ತಿರ ಇರುವ ರಸಮಟ್ಟದಂಥದ್ದೇ ಒಂದು ಚಿಕ್ಕದನ್ನು ಗಾಡಿಯಲ್ಲಿ ಇಟ್ಟುಕೊಳ್ಳಿ. ಅಡ್ಡಕ್ಕೂ ಉದ್ದಕ್ಕೂ ಇಟ್ಟು ನೋಡಿ. ಓರೆ ಕಂಡರೆ ನಾಲ್ಕು ಮೂಲೆಯ ಕಾಲುಗಳನ್ನೂ ಸಡಿಲಿಸಿ, ಚೌಕಟ್ಟು ತಾನಾಗಿ ಕೂರಲಿ, ಆಮೇಲೆ ಮತ್ತೆ ಸಮ ಮಾಡಿ ಮುಚ್ಚಿ. ಮುಚ್ಚದ ಗಾಡಿಗಳಲ್ಲಿ ಬಹಳಷ್ಟು ಇಷ್ಟಕ್ಕೇ ಮುಚ್ಚುತ್ತವೆ.

ಆ ಮೂಲೆಯ ಕಾಲುಗಳು ಗಾಡಿ ಅಲ್ಲಾಡದಂತೆ ಹಿಡಿಯಲು ಇರುವಂಥವು. ಅವುಗಳನ್ನೇ ಜಾಕಿ ಅಂದುಕೊಂಡು ತಗ್ಗಾದ ಮೂಲೆಯನ್ನು ಎತ್ತಬಾರದು. ನಿಲ್ಲಿಸುವಾಗಲೇ, ಕಾರಿನಿಂದ ಬಿಡಿಸುವ ಮೊದಲು, ತಗ್ಗಿರುವ ಕಡೆಯ ಚಕ್ರದ ಕೆಳಗೆ ಹಲಗೆ ಕೊಟ್ಟು ಎಡಬಲ ಸಮ ಮಾಡಿಕೊಳ್ಳಬೇಕು. ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು ಕಾರಿನಿಂದ ಬಿಡಿಸಬೇಕು. ಮುಂದಿನ ಜಾಕಿಯಿಂದ ಹಿಂದುಮುಂದು ಸಮ ಮಾಡಬೇಕು. ಎಲ್ಲಕ್ಕೂ ಕೊನೆಗೆ ಮೂಲೆಯ ಕಾಲುಗಳನ್ನು ಇಳಿಸಬೇಕು, ಅದೂ ಪ್ರತಿ ಕಾಲಿನ ಕೆಳಗೆ ಒಂದು ಅಗಲದ ಹಲಗೆ ಇಟ್ಟು. ಮರಳಿನಲ್ಲಿ ಹಲಗೆ ಇಲ್ಲದೆ ಕಾಲು ಇಳಿಸಿದರೆ ಬೆಳಿಗ್ಗೆ ಮತ್ತೆ ಅದೇ ಕಥೆ.

ಎರಡನೆಯದು ಗಾಳಿ. ಕಿಟಕಿ, ಬಾಗಿಲು, ಚಾವಣಿಯ ಗಾಳಿಕಿಂಡಿ ಎಲ್ಲ ಮುಚ್ಚಿ ಆಮೇಲೆ ಮಡಚಲು ಹೋದರೆ ಒಳಗಿನ ಗಾಳಿ ಹೊರಗೆ ಹೋಗುವುದಾದರೂ ಎಲ್ಲಿಂದ, ಅಲ್ವಾ? ಗಟ್ಟಿ ಗೋಡೆಯ ಮಾದರಿಗಳಲ್ಲಿ, ಅದರಲ್ಲೂ ರಬ್ಬರ್ ಬೀಡಿಂಗ್ ಹೊಸದಿದ್ದರೆ, ಕೊನೆಯ ನಾಲ್ಕು ಬೆರಳಿನಷ್ಟು ದೂರದಲ್ಲಿ ಚಾವಣಿ ನಿಂತೇಬಿಡುತ್ತದೆ. ಒಂದು ಕಿಂಡಿ ತೆರೆದಿಟ್ಟು ನಿಧಾನ ಇಳಿಸಿ. ಬಟ್ಟೆಗೋಡೆಯದಾದರೆ ಬಟ್ಟೆಯನ್ನು ಒಳಕ್ಕೆ ತಳ್ಳುತ್ತಾ ಇಳಿಸಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಸಿಕ್ಕಿ ಹರಿಯುತ್ತದೆ.

ಮತ್ತೆ ಹಾಸಿಗೆ. ಕಂಪನಿ ಕೊಟ್ಟ ತೆಳು ಹಾಸಿಗೆ ಬೆನ್ನಿಗೆ ಸಾಲುವುದಿಲ್ಲ ಎಂದು ದಪ್ಪ ಫೋಮ್ ತಂದು ಹಾಕಿರುತ್ತಾರೆ. ಮಡಚಿದಾಗ ಒಳಗೆ ಉಳಿಯುವ ಜಾಗ ಆ ತೆಳು ಹಾಸಿಗೆಯ ಲೆಕ್ಕಕ್ಕೇ ಇರುತ್ತದೆ. ದಿಂಬು, ಕಂಬಳಿ, ಒಲೆಯ ಮೇಲೆ ಮರೆತ ಪಾತ್ರೆ, ಎಲ್ಲ ಅಡ್ಡ ಬರುತ್ತವೆ. ಎರಡು ಭಾಗವಾಗಿ ಮಡಚುವ ಗಾಡಿಯಲ್ಲಿ ಒಂದು ಭಾಗ ಇನ್ನೊಂದರ ಒಳಗೆ ಕೂರುತ್ತದೆ, ಒಳಗೆ ಹೋಗುವುದನ್ನೇ ಮೊದಲು ಇಳಿಸಬೇಕು. ಇದನ್ನು ಹೇಳಿಕೊಡದೆ ಬಾಡಿಗೆಗೆ ಕೊಟ್ಟವರೂ ಇದ್ದಾರೆ.

ಸ್ಪ್ರಿಂಗ್ ವಿಷಯ ಸ್ವಲ್ಪ ಸೂಕ್ಷ್ಮ. ಚಾವಣಿಯ ಭಾರ ಕೈಗೆ ತಿಳಿಯದಿರಲಿ ಎಂದು ಕೆಲವದಕ್ಕೆ ಗ್ಯಾಸ್ ಶಾಕ್ ಇರುತ್ತದೆ, ಕಾರಿನ ಡಿಕ್ಕಿಗೆ ಇರುತ್ತದಲ್ಲ, ಅಂಥದ್ದು. ಇನ್ನು ಕೆಲವದಕ್ಕೆ ತಿರುಚಿ ಕೂರಿಸಿದ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್. ಎರಡನ್ನೂ ಚಾವಣಿಯ ಭಾರ ನೋಡಿ ಹೊಂದಿಸಿರುತ್ತಾರೆ. ಮೇಲಿದ್ದ ಎಸಿ ತೆಗೆಸಿದರೆ ಚಾವಣಿ ಹಗುರಾಗುತ್ತದೆ, ಸ್ಪ್ರಿಂಗಿನ ಬಲ ಮಾತ್ರ ಹಾಗೇ ಇರುತ್ತದೆ, ಆಗ ಮುಚ್ಚಲು ಜಾಸ್ತಿ ಒತ್ತಬೇಕು. ಹಳೆಯ ಗ್ಯಾಸ್ ಶಾಕ್ ಬದಲಿಸುವಾಗ ಉದ್ದ ಒಂದೇ ಎಂದು ಬೇರೆ ಬಲದ್ದು ಹಾಕಿದರೂ ಹೀಗೇ. ಅದರ ಮೈಮೇಲೆ ಎಷ್ಟು ನ್ಯೂಟನ್ ಎಂದು ಅಚ್ಚು ಹಾಕಿರುತ್ತಾರೆ, ಅದನ್ನು ಬರೆದುಕೊಂಡು ಅಷ್ಟೇ ಬಲದ್ದನ್ನು ಎರಡೂ ಕಡೆ ಒಟ್ಟಿಗೆ ಹಾಕಿಸಿ. ಒಳಗಿರುವುದು ಒತ್ತಿ ತುಂಬಿದ ನೈಟ್ರೋಜನ್. ಬಿಸಿ 10 ಡಿಗ್ರಿ ಏರಿದರೆ ಅದರ ಬಲ ಶೇ 3ರಷ್ಟು ಏರುತ್ತದೆ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಮುಚ್ಚದ್ದು ಬೆಳಿಗ್ಗೆ ತಂಪಲ್ಲಿ ಮುಚ್ಚುವುದಕ್ಕೆ ಇದೂ ಒಂದು ಕಾರಣ. ಟಾರ್ಷನ್ ಬಾರ್ ಮಾತ್ರ ಗೊತ್ತಿಲ್ಲದವರು ಬಿಚ್ಚಲೇಬಾರದು. ಅದರಲ್ಲಿ ಕೂಡಿರುವ ಬಲಕ್ಕೆ ಕೈ ಮುರಿಯಬಹುದು.

ವಿಂಚ್, ಅಂದರೆ ಕೇಬಲ್ ಸುತ್ತುವ ಯಂತ್ರ, ಅದನ್ನು ತಿರುಗಿಸಿ ಚಾವಣಿ ಎತ್ತುವ ಗಾಡಿಗಳಿಗೆ ಬೇರೆ ಕಾಯಿಲೆ. ಒಂದು ಮೂಲೆ ಇಳಿಯುವುದಿಲ್ಲ, ಮೂರು ಇಳಿಯುತ್ತವೆ. ಕಾರಣ ನಮ್ಮ ಉಪ್ಪುಗಾಳಿ. ರಾಟೆಗೆ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಒಂದರೊಳಗೊಂದು ಜಾರುವ ಕಂಬದಲ್ಲಿ ಮರಳು ಸಿಕ್ಕಿರುತ್ತದೆ. ಅಲ್ಯೂಮಿನಿಯಂ ಕಂಬಕ್ಕೆ ಕಬ್ಬಿಣದ ಬೋಲ್ಟ್ ಹಾಕಿದ್ದರೆ ಇನ್ನೂ ಕಷ್ಟ. ಉಪ್ಪುನೀರು ತಾಗಿದ ಕಡೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಕಂಬವನ್ನೇ ಹಿಡಿದುಬಿಡುತ್ತದೆ. ಈ ಸ್ಥಿತಿಯಲ್ಲಿ ವಿಂಚ್ ಬಿಡುತ್ತಲೇ ಹೋದರೆ ಕೇಬಲ್ ಸಡಿಲಾಗಿ ಡ್ರಮ್ಮಿನಲ್ಲಿ ಗಂಟು ಬೀಳುತ್ತದೆ, ಆಮೇಲೆ ಆ ಮೂಲೆ ಒಮ್ಮೆಲೇ ಧಡ್ ಎಂದು ಇಳಿಯುತ್ತದೆ. ಕೆಳಗೆ ಮಗುವಿನ ಕೈ ಇದ್ದರೆ ಗತಿ ಏನು? ಒಂದು ಮೂಲೆ ನಿಂತ ಕೂಡಲೇ ನೀವೂ ನಿಲ್ಲಿಸಿ. ಸ್ವಲ್ಪ ವಾಪಸ್ ಎತ್ತಿ. ಚಾವಣಿಗೆ ಗಟ್ಟಿ ಮರದ ಊರೆ ಕೊಟ್ಟ ಮೇಲಷ್ಟೇ ಕೈ ಹಾಕಿ. ಸಿಹಿನೀರಿನಿಂದ ತೊಳೆದು, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಜಾರುವ ಕಂಬಕ್ಕೆ ಗ್ರೀಸ್ ಬೇಡ, ಅದಕ್ಕೆ ಮರಳು ಅಂಟಿಕೊಂಡು ಉಜ್ಜುಕಾಗದದಂತೆ ತಿನ್ನುತ್ತದೆ. ರಬ್ಬರ್ ಬೀಡಿಂಗಿಗೆ ಡೀಸೆಲ್, ಎಂಜಿನ್ ಆಯಿಲ್ ಹಚ್ಚಬೇಡಿ, ಉಬ್ಬಿ ಹಾಳಾಗುತ್ತದೆ.

ಕೇಬಲ್ಲಿನ ಎಳೆ ಒಂದೊಂದೇ ಬಿಟ್ಟುಕೊಂಡಿದ್ದರೆ ಬೈತಖೋಲದ ಮೀನು ಬಂದರಿನ ಕಡೆ ಕೆಲಸ ಮಾಡುವವರನ್ನು ಕೇಳಿ. ವೈರ್ ರೋಪ್, ರಾಟೆ, ವಿಂಚ್, ಉಪ್ಪಿನ ತುಕ್ಕು, ಇವೇ ಅವರ ದಿನನಿತ್ಯದ ಕೆಲಸ. ಬೆಂಗಳೂರಿನಿಂದ ಮೆಕ್ಯಾನಿಕ್ ಬರಲಿ ಎಂದು ಕಾಯುವವರಿಗೆ ಇದು ಗೊತ್ತಿರುವುದಿಲ್ಲ. ಕೊಂಡಿ, ಬಿಜಾಗರಿ ಬದಲಿಸುವುದಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಸಮುದ್ರದ ಹತ್ತಿರ ಅದು 304ಕ್ಕಿಂತ ಚೆನ್ನಾಗಿ ಬಾಳುತ್ತದೆ.

ಶಿರಸಿ, ಸಿದ್ದಾಪುರ ಕಡೆ ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ಮಡಚಿಟ್ಟ ಗಾಡಿಗಳಲ್ಲಿ ಪ್ಲೈವುಡ್ ನೀರು ಕುಡಿದು ಉಬ್ಬಿರುತ್ತದೆ. ಅದನ್ನು ಕೀಸುಳಿ ಹಿಡಿದು ಕೆತ್ತಲು ಹೋಗಬೇಡಿ. ತೆರೆದಿಟ್ಟು ಗಾಳಿಯಾಡಲು ಬಿಡಿ, ಚೆನ್ನಾಗಿ ಒಣಗಿದ ಮೇಲೆ ನೋಡಿ. ಪದರ ಬಿಟ್ಟಿದ್ದರೆ ಹಲಗೆಯನ್ನೇ ಬದಲಿಸಬೇಕು.

ಅರ್ಧ ಮುಚ್ಚಿದ ಗಾಡಿಯನ್ನು ಹಗ್ಗ ಕಟ್ಟಿ ಹೆದ್ದಾರಿಗೆ ತರುವುದಂತೂ ನಿಲ್ಲಲೇಬೇಕು. ಹೊನ್ನಾವರದ ಶರಾವತಿ ಸೇತುವೆ ಮೇಲೆ ಅಡ್ಡಗಾಳಿ ಹೇಗಿರುತ್ತದೆ ಎಂದು ಬೈಕಿನವರನ್ನು ಕೇಳಿ ನೋಡಿ. ದೇವಿಮನೆ ಘಟ್ಟದ ತಿರುವಿನಲ್ಲಿ ಚಾವಣಿ ಎದ್ದರೆ ಹಿಂದೆ ಬರುವ ಬಸ್ಸಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ಬಾಡಿಗೆಗೆ ಕೊಡುವವರಲ್ಲಿ ನನ್ನ ಕೇಳಿಕೆ ಇಷ್ಟೇ: ಬಾಗಿಲಿನ ಒಳಗಡೆ ಮಡಚುವ ಕ್ರಮವನ್ನು ಕನ್ನಡದಲ್ಲಿ, ಚಿತ್ರ ಸಮೇತ ಅಂಟಿಸಿ. ಗಾಡಿ ಕೊಡುವ ಮೊದಲು ಗಿರಾಕಿಯ ಕೈಯಿಂದಲೇ ಒಮ್ಮೆ ತೆರೆದು ಮುಚ್ಚಿಸಿ. ಹೋಮ್‌ಸ್ಟೇ ನಡೆಸುವವರು ಅಂಗಳದ ಒಂದು ಮೂಲೆಯಲ್ಲಿ ಚಿರೆಕಲ್ಲು ಹಾಸಿ ಗಾಡಿ ನಿಲ್ಲುವಷ್ಟು ಸಮತಟ್ಟು ಜಾಗ ಮಾಡಿಕೊಟ್ಟರೆ, ಬೆಳಿಗ್ಗೆ ಹೊರಡುವ ಅತಿಥಿಗಳ ಅರ್ಧ ತಾಪತ್ರಯ ಅಲ್ಲೇ ತಪ್ಪುತ್ತದೆ.

ಇಂತಿ,
ಒಬ್ಬ ಫ್ಯಾಬ್ರಿಕೇಶನ್ ಕೆಲಸಗಾರ, ಕಾರವಾರ