ಹುಬ್ಬಳ್ಳಿ ಆಸ್ಪತ್ರೆ ಗಾಡಿ: ಸೋಮವಾರದಿಂದ ದರ, ವೇಳೆ ಬದಲು

ಹಿರಿಯರೆ, ಅಕ್ಕಂದಿರೆ, ನಮಸ್ಕಾರ.

ಸೋಮವಾರದಿಂದ ಕೊಪ್ಪಳ–ಹುಬ್ಬಳ್ಳಿ ಗಾಡಿಗೆ ಹೋಗಿ ಬರುವ ಸೀಟಿನ ದರ 400ರ ಬದಲು 480 ರೂಪಾಯಿ. ಬೆಳಿಗ್ಗೆ 5ಕ್ಕೇ ಬಿಡುತ್ತೇವೆ. ಆದರೆ ಹುಬ್ಬಳ್ಳಿಯಿಂದ 12ಕ್ಕೆ ಹೊರಡುತ್ತೇವೆ ಎಂಬ ಮಾತು ಇನ್ನು ಕೊಡುವುದಿಲ್ಲ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಕೊಡುವ ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊನೆಯವರಿಗೂ ಮುಗಿದ ಮೇಲೆಯೇ ಹೊರಡುವುದು.

"ಕರೆಂಟ್ ಕೊಡೋದು ಹತ್ತು ನಿಮಿಷ, ನೀವು ನಾಕು ತಾಸು ನಿಂತು ರೊಕ್ಕ ಏರಸ್ತೀರಲ್ರೀ" ಎಂದು ಎಷ್ಟು ಜನ ಅಂದಿದ್ದೀರಿ! ಮನಸ್ಸಿಗೆ ನೋವಾಗಿದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ. ಮೂತ್ರಕೋಶ ತುಂಬಿದರೂ ಬರಿದಾದರೂ, ಗುದನಾಳದಲ್ಲಿ ಗಾಳಿ ಸೇರಿದರೂ ಅದು ಕೆಲವು ಮಿಲಿಮೀಟರ್ ಸರಿಯುತ್ತದೆ. ಮೊದಲು ಆ ಸರಿದಾಟ ಲೆಕ್ಕಕ್ಕೆ ಹಿಡಿದು ಸುತ್ತ ಹೆಚ್ಚು ಜಾಗಕ್ಕೆ ಕರೆಂಟ್ ಕೊಡುತ್ತಿದ್ದರು, ಪಕ್ಕದ ಅಂಗಗಳಿಗೂ ತಾಗುತ್ತಿತ್ತು. ಈಗ ದಿನಾ ಮೇಜಿನ ಮೇಲೆ ಮಲಗಿಸಿದ ಮೇಲೆ ಯಂತ್ರವೇ ಸುತ್ತು ಹಾಕಿ ಸಿಟಿ ಸ್ಕ್ಯಾನ್ ಚಿತ್ರ ತೆಗೆಯುತ್ತದೆ. ಪ್ಲಾನಿಂಗ್ ಮಾಡಿದ ದಿನದ ಚಿತ್ರಕ್ಕೆ ಅದನ್ನು ಹೊಂದಿಸಿ, ಮೇಜು ಸರಿಪಡಿಸಿ, ಆಮೇಲೆ ಕರೆಂಟ್. ಮೂತ್ರಕೋಶ ಆ ದಿನದಷ್ಟು ತುಂಬಿಲ್ಲವೆಂದು ಕಂಡರೆ ಕೆಳಗಿಳಿಸುತ್ತಾರೆ. ಮತ್ತೆ ನೀರು, ಮತ್ತೆ ಸರದಿ. ಇಬ್ಬರಿಗೆ ಹೀಗಾದರೆ ನಮ್ಮ ಮಧ್ಯಾಹ್ನದ ಗಂಗಾವತಿ ಬಾಡಿಗೆ ಹೋಯಿತು, ಡ್ರೈವರ್‌ಗೆ ಪೂರ್ತಿ ದಿನದ ಬಾಟಾ ಕೊಡಬೇಕಾಯಿತು. 80 ರೂಪಾಯಿ ಅದಕ್ಕೆ. ಆಸ್ಪತ್ರೆಯವರಿಂದ ಕಮಿಷನ್ ಅಂತೀರಿ, ಗವಿಸಿದ್ಧೇಶನ ಆಣೆ, ಒಂದು ಪೈಸೆ ಮುಟ್ಟಿಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಿರಿ. ಮೊದಲು 37 ದಿನ ಕರೆದೊಯ್ಯುತ್ತಿದ್ದೆವು. 20 ದಿನದ ಚಿಕಿತ್ಸೆ 37 ದಿನದ್ದಕ್ಕೆ ಕಡಿಮೆಯಿಲ್ಲವೆಂದು 3,200ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಬ್ರಿಟನ್ನಿನ ಅಧ್ಯಯನ 2016ರಲ್ಲಿ ತೋರಿಸಿತು. ಈಗ ನಮ್ಮವರಲ್ಲಿ ಬಹಳ ಜನರಿಗೆ 20 ದಿನ ಬರೆಯುತ್ತಾರೆ. ಯಾರಿಗೆ ಎಷ್ಟು ಎಂಬುದು ಡಾಕ್ಟರರಿಗೆ ಬಿಟ್ಟದ್ದು. ಆಗ ಸೀಟಿಗೆ 14,800 ಆಗುತ್ತಿತ್ತು, ಈಗ 9,600. ನಮಗೆ 17 ಟ್ರಿಪ್ ಕಡಿಮೆಯಾಯಿತು, ಅದಕ್ಕೆ ಬೇಸರವಿಲ್ಲ. ನಿಮ್ಮ ಮನೆಯವರು ಬೇಗ ಮನೆ ಸೇರಲಿ.

ಈ ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿದೆ ಎಂದು ತೋರಿಸುವ ಬೆಂಗಳೂರಿನ ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ಗೆ ಮಾತ್ರ ಸೀಟು ಲೆಕ್ಕ ನಿಲ್ಲಿಸಿದ್ದೇವೆ, ಪೂರ್ತಿ ಗಾಡಿಯೇ ಹಿಡಿಯಬೇಕು, ರಾತ್ರಿಯೇ ಹೊರಡಬೇಕು. ಆ ಸ್ಕ್ಯಾನ್‌ಗೆ ಹೆಚ್ಚಾಗಿ ಬಳಸುವ ಗ್ಯಾಲಿಯಂ-68 ಔಷಧದ ಕಸುವು 68 ನಿಮಿಷಕ್ಕೆ ಅರ್ಧವಾಗುತ್ತದೆ. ಒಬ್ಬರನ್ನು ಹತ್ತಿಸಿಕೊಳ್ಳಲು ಹೊಸಪೇಟೆಯಲ್ಲಿ ತಾಸು ನಿಂತರೆ ಇನ್ನೊಬ್ಬರ ಔಷಧ ಕಾಯುವುದಿಲ್ಲ. "ಸಿಟಿ ಆಗೇತಿ, ಎಲುಬಿನ ಸ್ಕ್ಯಾನ್ ಆಗೇತಿ, ಮತ್ತ್ಯಾಕ?" ಅನ್ನುವವರಿಗೆ: ಅಪಾಯ ಹೆಚ್ಚಿದ್ದವರಲ್ಲಿ ರೋಗ ಎಲ್ಲಿಗೆ ಹಬ್ಬಿದೆ ಎಂದು ಗುರುತಿಸುವಲ್ಲಿ ಇದರ ನಿಖರತೆ ಶೇ. 92, ಆ ಎರಡೂ ಸೇರಿ ಶೇ. 65 ಎಂದು 2020ರ ಆಸ್ಟ್ರೇಲಿಯಾದ ಅಧ್ಯಯನ ಹೇಳಿದೆ. ಎಲ್ಲಿಗೆ ಕರೆಂಟ್ ಕೊಡಬೇಕೆಂಬುದೇ ಅದರಿಂದ ಬದಲಾಗಬಹುದು.

ತಪ್ಪು ನಮ್ಮಿಂದಲೂ ಆಗಿದೆ. ಹೋದ ತಿಂಗಳು ನಮ್ಮ ಡ್ರೈವರ್ "ಲಗೂ ಬರ್ರಿ" ಎಂದು ಮೇಲಿಂದ ಮೇಲೆ ಫೋನ್ ಹಚ್ಚಿದ. ದಾರಿಯಲ್ಲಿ ಗಾಡಿ ನಿಲ್ಲಿಸೆಂದು ಕೇಳಲು ನಾಚಿ ಒಬ್ಬ ಹಿರಿಯರು ನೀರೇ ಕುಡಿದಿರಲಿಲ್ಲ. ಎರಡು ಸಲ ಮೇಜಿನಿಂದ ಇಳಿಸಿದರು. ಗಾಡಿಗೆ ಬಂದಾಗ ಜೊತೆಯವರು ಆಡಿದ ಮಾತು ಕೇಳಿ ಗದಗ ದಾಟುವ ತನಕ ತಲೆ ಎತ್ತಲಿಲ್ಲ. ನಮ್ಮ ಹುಡುಗ ಸುಮ್ಮನಿದ್ದ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ, ಇಲ್ಲಿಯೂ ಕೇಳುತ್ತೇನೆ.

ಇನ್ನು ಲಕ್ಕುಂಡಿ, ಅಣ್ಣಿಗೇರಿ ಎರಡೂ ಕಡೆ, ಯಾರೂ ಕೇಳದಿದ್ದರೂ ಗಾಡಿ ನಿಲ್ಲುತ್ತದೆ. ನಡುವೆ ಬೇಕಾದರೂ ಡ್ರೈವರ್ ಹೆಗಲು ಮುಟ್ಟಿರಿ ಸಾಕು. ನೀರಿನ ಕ್ಯಾನ್ ಗಾಡಿಯಲ್ಲೇ ಇರುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ಆಸ್ಪತ್ರೆಯವರು ಬರೆದುಕೊಟ್ಟ ಚೀಟಿ ತನ್ನಿರಿ, ನೆನಪು ಮಾಡುವುದು ನಮ್ಮ ಕೆಲಸ. 80 ರೂಪಾಯಿ ಹೊರೆ ಅನ್ನಿಸುವವರು ನನಗೊಬ್ಬನಿಗೇ ಹೇಳಿರಿ, ಹಳೆಯ ದರದಲ್ಲೇ ಬರ್ರಿ.

ನಿಮ್ಮವ,
ಗಾಡಿ ಮಾಲೀಕ, ಕೊಪ್ಪಳ