ನಾರ್ವೆ ಲೀಗ್‌ಗೆ ‘2024–25’ ಬೇಡ

ಮಾನ್ಯರೇ,

ನಾರ್ವೆಯ ಮಹಿಳಾ ಫುಟ್‌ಬಾಲ್‌ನ ಅಗ್ರ ಲೀಗ್ ‘ಟಾಪ್‌ಸೇರಿಯೆನ್’ ನಮ್ಮ ಕ್ರೀಡಾಪುಟಗಳಲ್ಲಿ ಕಾಣಿಸುವುದೇ ಅಪರೂಪ. ಕಾಣಿಸಿದಾಗ ಋತುವನ್ನು ‘2024–25’ ಎಂದು ಅಚ್ಚು ಹಾಕಿರುತ್ತಾರೆ. ಋತು ಎರಡು ವರ್ಷಗಳಿಗೆ ಹರಡುವ ಇಂಗ್ಲೆಂಡ್, ಸ್ಪೇನ್‌ಗಳ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹಿಮ ಕರಗುತ್ತಿರುವಾಗ ಶುರುವಾಗಿ ನವೆಂಬರ್‌ನಲ್ಲಿ ಮುಗಿಯುವ ಲೀಗ್ ಅದು. ಇಡೀ ಋತು ಒಂದೇ ವರ್ಷದೊಳಗೆ ಮುಗಿಯುವುದರಿಂದ ‘2024’ ಎಂದಷ್ಟೇ ಬರೆದರೆ ಸಾಕು.

ಅಂಕಪಟ್ಟಿಯ ವಿಷಯ ಇದಕ್ಕಿಂತ ತೊಡಕಿನದು. 2024ರಲ್ಲಿ ಆಡಿದ್ದು 10 ತಂಡಗಳು. ಪ್ರತಿ ತಂಡವೂ ಉಳಿದ ಒಂಬತ್ತರ ಎದುರು ಮೂರು ಮೂರು ಸಲ ಆಡಿತು. ಅಂದರೆ ತಂಡಕ್ಕೆ 27 ಪಂದ್ಯ, ಲೀಗ್‌ಗೆ ಒಟ್ಟು 135. ಈ 135 ತವರು ಪಂದ್ಯಗಳನ್ನು 10 ತಂಡಗಳಿಗೆ ಸಮನಾಗಿ ಹಂಚಲು ಬರುವುದಿಲ್ಲ: ಕೆಲವರಿಗೆ 14 ಸಿಕ್ಕರೆ ಕೆಲವರಿಗೆ 13. ಇದಕ್ಕಿಂತ ಮುಖ್ಯವಾದದ್ದು, ಒಬ್ಬ ಎದುರಾಳಿಯ ಎದುರಿನ ಮೂರು ಪಂದ್ಯಗಳಲ್ಲಿ ಎರಡು ಒಬ್ಬರ ಅಂಗಳದಲ್ಲೇ ನಡೆಯುತ್ತವೆ. ಪ್ರಶಸ್ತಿಗೆ ಸೆಣಸುವ ಎರಡು ತಂಡಗಳ ಮೂರನೇ ಪಂದ್ಯ ಎಲ್ಲಿ ಎಂಬುದು ಗೊತ್ತಿಲ್ಲದೆ ಸೆಪ್ಟೆಂಬರ್‌ನ ಪಟ್ಟಿ ನೋಡಿ ‘ಮೂರು ಅಂಕಗಳ ಮುನ್ನಡೆ, ಗೆದ್ದಂತೆಯೇ’ ಎಂದರೆ ಅದು ಅವಸರದ ತೀರ್ಪು. ಅಂಕ ಸಮವಾದರೆ ಮೊದಲು ನೋಡುವುದು ಗೋಲು ವ್ಯತ್ಯಾಸವನ್ನು. ಹಾಗಾಗಿ ಆ ಅಂಕಣ ಪಟ್ಟಿಯಿಂದ ಬಿಟ್ಟುಹೋಗಬಾರದು.

ಹಳೆಯ ಋತುಗಳ ಜೊತೆ ಹೋಲಿಸುವಾಗಲೂ ಎಚ್ಚರ ಬೇಕು. 2019ರಲ್ಲಿ 12 ತಂಡ, 22 ಸುತ್ತು, ಅಂದರೆ ತಂಡಕ್ಕೆ 22 ಪಂದ್ಯ. 2020ರಲ್ಲಿ ಕೋವಿಡ್‌ನಿಂದಾಗಿ ಲೀಗ್ ಆರಂಭವಾಗುವಾಗಲೇ ಜುಲೈ. 10 ತಂಡ, 18 ಸುತ್ತು. 2022ರಲ್ಲಿ ಬೇರೆಯೇ ಪ್ರಯೋಗ ಮಾಡಿದರು: 18 ಸುತ್ತಿನ ಬಳಿಕ ಮೊದಲ ನಾಲ್ಕು ತಂಡಗಳನ್ನು ಬೇರ್ಪಡಿಸಿ ಪ್ರಶಸ್ತಿಗಾಗಿ ಇನ್ನೂ ಆರಾರು ಪಂದ್ಯ ಆಡಿಸಿದರು. ಅದುವರೆಗೆ ಗಳಿಸಿದ ಅಂಕಗಳನ್ನು ಅಳಿಸಿ, ಸ್ಥಾನಕ್ಕೆ ತಕ್ಕ ಬೋನಸ್ ಅಂಕಗಳೊಂದಿಗೆ ಹೊಸದಾಗಿ ಎಣಿಕೆ ಶುರು. ರೋಚಕತೆ ಹೆಚ್ಚಿತೇನೋ ನಿಜ, ಆದರೆ ಋತುವಿನ ಆರಂಭದಿಂದ ಬೆವರು ಸುರಿಸಿ ಕೂಡಿಟ್ಟದ್ದನ್ನು ಹೀಗೆ ಕರಗಿಸುವುದು ನ್ಯಾಯವಲ್ಲ. ಮರುವರ್ಷವೇ ಆ ಪದ್ಧತಿ ಹೋಗಿ 27 ಸುತ್ತು ಬಂತು. ಗೆಲುವಿಗೆ ಮೂರು ಅಂಕದಂತೆ 22 ಸುತ್ತಿನಲ್ಲಿ ಗರಿಷ್ಠ 66 ಅಂಕ, 18ರಲ್ಲಿ 54, 27ರಲ್ಲಿ 81. ಇವನ್ನು ಒಂದೇ ಸಾಲಿನಲ್ಲಿಟ್ಟು ‘ದಾಖಲೆಯ ಅಂಕ’ ಎಂದು ಶೀರ್ಷಿಕೆ ಕೊಡುವುದರಲ್ಲಿ ಅರ್ಥವಿಲ್ಲ. ಹೋಲಿಸಲೇಬೇಕೆಂದರೆ ಪಂದ್ಯಕ್ಕೆ ಎಷ್ಟು ಅಂಕ ಎಂದು ಭಾಗಿಸಿ ಕೊಡಿ.

ಋತುವಿನ ನಡುವೆ ತಂಡವೊಂದು ದಿಢೀರನೆ ಮಂಕಾದರೆ ಕೋಚ್‌ನ ತಲೆದಂಡ ಕೇಳುವ ಮೊದಲು ಕ್ಯಾಲೆಂಡರ್ ನೋಡುವುದು ಒಳ್ಳೆಯದು. ಯುರೋಪಿನ ದೊಡ್ಡ ಕ್ಲಬ್‌ಗಳು ಆಟಗಾರ್ತಿಯರನ್ನು ಖರೀದಿಸುವುದು ಹೆಚ್ಚಾಗಿ ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಜುಲೈ ಆಸುಪಾಸಿನಲ್ಲಿ. ಅವರಿಗದು ಹೊಸ ಋತುವಿನ ಸಿದ್ಧತೆ, ನಾರ್ವೆಗೆ ಅರ್ಧ ದಾರಿ. 2019ರಲ್ಲಿ ಆಟಗಾರ್ತಿ ಗುರೊ ರೈಟೆನ್ ನಾರ್ವೆಯ ಎಲ್‌ಎಸ್‌ಕೆ ಕ್ವಿನ್ನರ್ ಕ್ಲಬ್‌ನಿಂದ ಇಂಗ್ಲೆಂಡಿನ ಚೆಲ್ಸಿಗೆ ಹೋದದ್ದು ಹೀಗೆಯೇ. ಎಲ್‌ಎಸ್‌ಕೆ ಆ ವರ್ಷವೂ ಗೆದ್ದಿತು, 2014ರಿಂದ ಸತತ ಆರನೇ ಪ್ರಶಸ್ತಿ. ಆದರೆ ಅಂಥ ಪೆಟ್ಟನ್ನು ತಾಳಿಕೊಳ್ಳುವ ಬಲ ಎಲ್ಲ ತಂಡಗಳಿಗೂ ಇರುವುದಿಲ್ಲ.

ಯುರೋಪಿನ ಅಗ್ರ ಕ್ಲಬ್‌ಗಳು ಸೆಣಸುವ ಚಾಂಪಿಯನ್ಸ್ ಲೀಗ್‌ನಲ್ಲಿ ಕ್ಯಾಲೆಂಡರ್‌ನ ಇದೇ ಎಡವಟ್ಟು ತಿರುಗಿ ಕಾಡುತ್ತದೆ. 2024ರಲ್ಲಿ ನಾರ್ವೆಯ ವೋಲೆರೆಂಗ ತಂಡ ಆರ್ಸೆನಲ್, ಬಾಯರ್ನ್ ಮ್ಯೂನಿಕ್, ಯುವೆಂಟಸ್‌ಗಳಿದ್ದ ಗುಂಪಿನಲ್ಲಿತ್ತು. ಡಿಸೆಂಬರ್‌ನ ಪಂದ್ಯಗಳ ಹೊತ್ತಿಗೆ ಅದರ ಸ್ವಂತ ಲೀಗ್ ಮುಗಿದೇ ಹೋಗಿತ್ತು. ಎದುರಾಳಿಗಳು ಆಟದ ಭರದಲ್ಲಿದ್ದರು. ಅದೇ ವರ್ಷದ ಮಾರ್ಚ್‌ನಲ್ಲಿ ನಾರ್ವೆಯ ಇನ್ನೊಂದು ತಂಡ ಬ್ರಾನ್ ಕ್ವಾರ್ಟರ್ ಫೈನಲ್‌ನಲ್ಲಿ ಬಾರ್ಸಿಲೋನಾಗೆ ಸೋತದ್ದು ಸ್ವಂತ ಲೀಗ್‌ನ ಚಳಿಗಾಲದ ದೀರ್ಘ ಬಿಡುವಿನ ಬೆನ್ನಿಗೇ. ಬಾರ್ಸಿಲೋನಾ ಹೇಗೂ ಬಲಿಷ್ಠ ತಂಡ, ಆ ಮಾತು ಬೇರೆ.

ಹೆಸರುಗಳ ಬಗ್ಗೆ ಎರಡು ಮಾತು. ನಾರ್ವೇಜಿಯನ್ನಿನಲ್ಲಿ ತಲೆಯ ಮೇಲೆ ಸಣ್ಣ ಸೊನ್ನೆಯಿರುವ ‘ಎ’ (å) ಅಕ್ಷರದ ಉಚ್ಚಾರ ‘ಓ’ಗೆ ಹತ್ತಿರ. ಆದ್ದರಿಂದ ಅದು ‘ವಾಲೆರೆಂಗ’ ಅಲ್ಲ, ‘ವೋಲೆರೆಂಗ’. ‘ಕ್ವಿನ್ನರ್’ ಎಂದರೆ ಮಹಿಳೆಯರು. ‘ಎಲ್‌ಎಸ್‌ಕೆ ಕ್ವೀನ್ಸ್’ ಎಂದು ಅನುವಾದಿಸಬೇಡಿ. 2021ರ ಚಾಂಪಿಯನ್ ಸಾಂಡ್‌ವಿಕೆನ್ ಮತ್ತು 2022ರ ಚಾಂಪಿಯನ್ ಬ್ರಾನ್ ಬೇರೆ ಬೇರೆಯಲ್ಲ. ಬೆರ್ಗೆನ್‌ನ ಅದೇ ತಂಡ ನಗರದ ದೊಡ್ಡ ಕ್ಲಬ್ಬಿನೊಳಗೆ ಸೇರಿ ಹೆಸರು ಬದಲಿಸಿಕೊಂಡಿತು. ಏಳು ಸಲ ಲೀಗ್ ಗೆದ್ದಿದ್ದ ಟ್ರೊಂಡ್‌ಹೈಮ್ಸ್ ಓರ್ನ್ ಕೂಡ 2020ರಿಂದ ರೂಸೆನ್‌ಬೋರ್ಗ್ ಹೆಸರಿನಲ್ಲಿ ಆಡುತ್ತಿದೆ.

ಮುಂದಿನ ಸಲ ಈ ಲೀಗ್‌ನ ಪಟ್ಟಿ ಹಾಕುವಾಗ ಆಡಿದ ಪಂದ್ಯಗಳ ಪಕ್ಕದಲ್ಲಿ ‘ತವರಿನಲ್ಲಿ ಉಳಿದವು’ ಎಂಬ ಒಂದು ಅಂಕಣ ಸೇರಿಸಿ. ಜಾಗ ಸಾಲದಿದ್ದರೆ ಋತುವಿನ ಹೆಸರಿನಿಂದ ‘–25’ ತೆಗೆದರೆ ಒಂದಿಷ್ಟು ಸಿಗುತ್ತದೆ.

– ಪತ್ರಿಕೆಯ ಓದುಗರು